ಮರೆತ ತಂಡಗಳ ಲೆಕ್ಕ ಇಟ್ಟವರು

ಗ್ರಾಮಫೋನ್ ತಟ್ಟೆಯಲ್ಲಿ ಕೊನೆಯ ಹಾಡಿನ ಗೆರೆ ಮುಗಿದ ಮೇಲೆ, ನಡುವಿನ ಚೀಟಿಗೆ ಮೊದಲು ಒಂದಿಷ್ಟು ಖಾಲಿ ಜಾಗ ಇರುತ್ತದೆ. ಅಲ್ಲಿ ಕೆಲವು ಅಂಕಿಗಳನ್ನೂ ಅಕ್ಷರಗಳನ್ನೂ ಗೀರಿರುತ್ತಾರೆ. ಹಾಡು ಕೇಳುವವರು ಅದರ ಕಡೆ ಕಣ್ಣು ಹಾಯಿಸುವುದಿಲ್ಲ. ಆದರೆ ಅಮೆರಿಕದ ಸೈಕೆಡೆಲಿಕ್ ರಾಕ್ ಸಂಗೀತದ ಒಂದು ದೊಡ್ಡ ಪಾಲಿನ ಚರಿತ್ರೆ ಉಳಿದದ್ದು ಇಂಥ ಗುರುತುಗಳಿಂದ.

1964ರ ಫೆಬ್ರುವರಿಯಲ್ಲಿ ಬೀಟಲ್ಸ್ ತಂಡ ಅಮೆರಿಕದ ಟಿ.ವಿ.ಯಲ್ಲಿ ಹಾಡಿದಾಗ ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು. ಅದರ ಬೆನ್ನಿಗೇ ಊರೂರಿನ ಹುಡುಗರು ಗಿಟಾರ್ ಹಿಡಿದರು. ಕಾರು ನಿಲ್ಲಿಸುವ ಷೆಡ್ಡುಗಳು ತಾಲೀಮಿನ ಮನೆಗಳಾದವು. ಎರಡೇ ವರ್ಷಗಳಲ್ಲಿ ಈ ಸಂಗೀತಕ್ಕೆ ಎಲ್‌ಎಸ್‌ಡಿಯ ನೆರಳು ಬಿತ್ತು. ಗಿಟಾರಿನ ನಾದವನ್ನು ಬೇಕೆಂದೇ ಒಡಕಾಗಿಸುವುದು, ಟೇಪನ್ನು ಹಿಂದಕ್ಕೆ ಓಡಿಸುವುದು, ಪ್ರತಿಧ್ವನಿ ತುಂಬುವುದು ಎಲ್ಲವೂ ಆ ಅನುಭವವನ್ನು ಕಿವಿಗೆ ತರುವ ಯತ್ನಗಳೇ.

ದೊಡ್ಡ ಕಂಪೆನಿಗಳು ಕೆಲವರನ್ನಷ್ಟೇ ಆರಿಸಿಕೊಂಡವು. ಉಳಿದವರಲ್ಲಿ ಅನೇಕರು ಕೈಯಿಂದ ಹಣ ಹಾಕಿ ಕೆಲವು ನೂರು ಪ್ರತಿಗಳನ್ನು ಮಾಡಿಸಿ, ತಮ್ಮ ಊರಿನಲ್ಲೇ ಮಾರಿದರು. ಆಮೇಲೆ ಕೆಲವರು ವಿಯೆಟ್ನಾಂ ಯುದ್ಧಕ್ಕೆ ಹೋದರು, ಕೆಲವರು ನೌಕರಿ ಹಿಡಿದರು. ತಟ್ಟೆಗಳು ಅಟ್ಟ ಸೇರಿದವು.

ಅವುಗಳನ್ನು ಮೊದಲು ಮೇಲೆತ್ತಿದವರಲ್ಲಿ ಲೆನಿ ಕೇ ಮುಖ್ಯರು. 1972ರಲ್ಲಿ ಅವರು 'ನಗೆಟ್ಸ್' ಎಂಬ ಹೆಸರಿನಲ್ಲಿ 27 ಹಾಡುಗಳನ್ನು ಒಟ್ಟುಗೂಡಿಸಿದರು. 1978ರಿಂದ ಬಂದ 'ಪೆಬಲ್ಸ್' ಮಾಲೆ ಇನ್ನೂ ಅಜ್ಞಾತ ತಂಡಗಳನ್ನು ಹುಡುಕಿತು. 1993ರಲ್ಲಿ ಬ್ರಿಟನ್ನಿನ ವರ್ನನ್ ಜಾಯ್ನ್‌ಸನ್ ಈ ತಂಡಗಳದ್ದೇ ಒಂದು ದಪ್ಪ ಕೋಶವನ್ನು ಹೊರತಂದರು. 2006ರಲ್ಲಿ ಸ್ವೀಡನ್ನಿನ ಪ್ಯಾಟ್ರಿಕ್ ಲುಂಡ್‌ಬೋರ್ಗ್ 'ಆ್ಯಸಿಡ್ ಆರ್ಕೈವ್ಸ್' ಪ್ರಕಟಿಸಿದರು. ಅಮೆರಿಕ ಮರೆತದ್ದನ್ನು ಪರದೇಶದವರು ಬರೆದಿಟ್ಟದ್ದು ಸ್ವಾರಸ್ಯದ ಸಂಗತಿ.

ಇವರ ಕೆಲಸ ಪತ್ತೇದಾರಿಯಂಥದು. ಗೀರಿದ ಅಂಕಿಯಿಂದ ತಟ್ಟೆ ತಯಾರಾದ ಕಾರ್ಖಾನೆ, ಕೆಲವೊಮ್ಮೆ ವರ್ಷವೂ ಗೊತ್ತಾಗುತ್ತದೆ. ಚೀಟಿಯ ಮೇಲಿನ ಗೀತಕಾರನ ಹೆಸರನ್ನು ಟೆಲಿಫೋನ್ ಡೈರೆಕ್ಟರಿಯಲ್ಲಿ ಹುಡುಕಿದರೆ ಎಲ್ಲೋ ಒಬ್ಬ ಹಳೆಯ ಗಿಟಾರ್ ವಾದಕ ಸಿಗಬಹುದು.

ಇದಕ್ಕೆ ಇನ್ನೊಂದು ಮುಖವಿದೆ. ಅಪರೂಪವಾದಷ್ಟೂ ಬೆಲೆ ಏರುತ್ತದೆ. ಆದರೆ ಹಳೆಯ ತಟ್ಟೆ ಕೈ ಬದಲಾಯಿಸಿದಾಗ ಹಾಡಿದವನಿಗೆ ಬಿಡಿಗಾಸೂ ಸಿಗುವುದಿಲ್ಲ. ಅನುಮತಿಯಿಲ್ಲದೆ ಹೊರಬಂದ ಸಂಕಲನಗಳೂ ಕಡಿಮೆಯಲ್ಲ. ಟೆಕ್ಸಾಸಿನ ಆಸ್ಟಿನ್ ನಗರದ 'ಥರ್ಟೀಂತ್ ಫ್ಲೋರ್ ಎಲಿವೇಟರ್ಸ್' ತಂಡದ ರೋಕಿ ಎರಿಕ್ಸನ್ ಅವರ ಹಾಡು 1966ರಲ್ಲಿ ಅಮೆರಿಕದ ಪಟ್ಟಿಯಲ್ಲಿ 55ನೇ ಸ್ಥಾನ ತಲುಪಿತ್ತು. 1969ರಲ್ಲಿ ಗಾಂಜಾ ಪ್ರಕರಣದಲ್ಲಿ ಬಂಧಿತರಾದ ಅವರು 1972ರವರೆಗೆ ಮಾನಸಿಕ ಚಿಕಿತ್ಸಾಲಯದ ಸೆರೆಯಲ್ಲಿದ್ದರು. ಸಂಗ್ರಾಹಕರು ಅವರ ತಟ್ಟೆಗಳಿಗಾಗಿ ಹಾತೊರೆಯುತ್ತಿದ್ದಾಗ ಅವರು ಬಡತನದಲ್ಲಿ ದಿನ ಕಳೆದರು. 2005ರಲ್ಲಿ ಮತ್ತೆ ವೇದಿಕೆ ಹತ್ತಿ, 2019ರಲ್ಲಿ ತೀರಿಕೊಂಡರು.

ಎರಿಕ್ಸನ್ ಅವರಿಗಾದರೂ ಬದುಕಿದ್ದಾಗಲೇ ಚಪ್ಪಾಳೆ ಕೇಳಿಸಿತು. ಕೋಶದಲ್ಲಿ ಒಂದೇ ಸಾಲಿನ ಜಾಗ ಪಡೆದ ಎಷ್ಟೋ ತಂಡಗಳಿಗೆ ಆ ಸಾಲೇ ಸ್ಮಾರಕ. ಅದನ್ನು ಬರೆದವರು ಹಣಕ್ಕಾಗಿ ಹುಡುಕಿದರೋ ಪ್ರೀತಿಗಾಗಿ ಹುಡುಕಿದರೋ, ಆ ಹೆಸರು ಮಾತ್ರ ಅಳಿಯಲಿಲ್ಲ.