ಮಕ್ಕಳ ಕವಾಯತೂ ಧ್ವಜದ ಕಾವಲೂ

ಏಳು ಗಂಟೆ ಹೊಡೆದರೂ ಹಾಸಿಗೆ ಬಿಡದ ಮಗುವು ಮಾಗಿಯ ಚಳಿಯಲ್ಲಿ ಐದು ಗಂಟೆಗೇ ಎದ್ದು ಬೂಟಿಗೆ ಮೆರುಗು ಕೊಡುತ್ತ ಕುಳಿತರೆ ಯಾವ ಗೃಹಸ್ಥನಿಗೆ ತಾನೆ ಅಚ್ಚರಿಯಾಗದು? ಒಂಬತ್ತನೆಯ ತರಗತಿಯ ನಮ್ಮ ಮಗಳು ಎನ್.ಸಿ.ಸಿ. ಸೇರಿ, ಗಣರಾಜ್ಯೋತ್ಸವದ ಧ್ವಜದ ಪಡೆಗೆ ಆಯ್ಕೆಯಾದಳೆಂದು ಕೇಳಿದಾಗ ನಮಗೆ ಸಂತೋಷಕ್ಕಿಂತ ಅಸಮಾಧಾನವೇ ಹೆಚ್ಚಾಯಿತೆಂಬುದನ್ನು ಮರೆಮಾಚಲಾರೆವು. ಪರೀಕ್ಷೆ ಹತ್ತಿರ; ಹೆಣ್ಣುಮಗು; ಮೇಲಾಗಿ, "ನಾಳೆ ಯುದ್ಧಕ್ಕೆ ಕರೆದರೆ?" ಎಂದು ನೆರೆಮನೆಯವರ ಹೆದರಿಕೆ ಬೇರೆ. ಬಿಡಿಸಿಬಿಡುವುದೆಂದು ನಿಶ್ಚಯಿಸಿಯೇ ಶಾಲೆಯ ಮೈದಾನಕ್ಕೆ ಹೋದೆವು. ಹೋದವರು ಮೂರು ವಾರ ಅಲ್ಲಿ ನೀರಿನ ಕೊಡ ಹೊತ್ತೆವು!

ನೆರೆಮನೆಯವರ ಹೆದರಿಕೆಗೆ ಆಧಾರವಿಲ್ಲ. ಹೃದಯನಾಥ ಕುಂಜ್ರೂ ಅವರ ಅಧ್ಯಕ್ಷತೆಯಲ್ಲಿ 1946ರಲ್ಲಿ ನೇಮಕವಾದ ಸಮಿತಿಯ ಸಲಹೆಯಂತೆ 1948ರಲ್ಲಿ ಈ ದಳದ ಶಾಸನವಾಯಿತು. ಸೇರಿದವರು ಸೈನ್ಯದ ಸಕ್ರಿಯ ಸೇವೆಗೆ ಬದ್ಧರಲ್ಲವೆಂದು ಅದೇ ಶಾಸನವು ಹೇಳಿದೆ. ಬಾಲಿಕೆಯರ ವಿಭಾಗವು 1949ರಲ್ಲಿಯೇ ಹುಟ್ಟಿತು. ಚೀನಾ ಯುದ್ಧದ ತರುವಾಯ 1963ರಲ್ಲಿ ಕಾಲೇಜುಗಳಲ್ಲಿ ಕಡ್ಡಾಯ ಮಾಡಿ, 1968ರಲ್ಲಿ ಮತ್ತೆ ಐಚ್ಛಿಕವಾಗಿಸಿದರು. ಆ ಕಡ್ಡಾಯದ ಕಾಲದಲ್ಲಿ ಓದಿದ ನಮ್ಮ ಸೋದರಮಾವನವರಿಗೆ ಕವಾಯತಿನಲ್ಲಿ ನೆನಪಿರುವುದು ಕೊನೆಯಲ್ಲಿ ಕೊಡುತ್ತಿದ್ದ ಉಪಾಹಾರವೊಂದೇ!

ಕವಾಯತು ಎಂದರೆ ಕಾಲು ಬಡಿಯುವುದೆಂದು ನಾವು ತಿಳಿದಿದ್ದೆವು. ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಯೊಂದಕ್ಕೆ 30 ಅಂಗುಲ. ಉದ್ದ ಕಾಲಿನವನು ತನ್ನ ನಡೆಯನ್ನು ಕುಗ್ಗಿಸಿ, ಗಿಡ್ಡನು ಹಿಗ್ಗಿಸಿ, ಸಾಲು ಒಂದೇ ಆಗಿ ಹೋಗಬೇಕು. ಹಿಂದಿಯನ್ನು ಅಷ್ಟಾಗಿ ಅರಿಯದ ನಮ್ಮ ಮಕ್ಕಳು "ಸಾವಧಾನ್" ಎಂದೊಡನೆ ಕಂಬಗಳಾಗುತ್ತಿದ್ದರು. ಚಲಿಸುವುದಕ್ಕಿಂತ ನಿಲ್ಲುವುದೇ ಕಷ್ಟವೆಂಬುದು ನಮಗೆ ಎರಡನೆಯ ದಿನವೇ ತಿಳಿಯಿತು. ಧ್ವಜದ ಬಲಗಡೆ ಕಾವಲು ನಿಲ್ಲಬೇಕಾಗಿದ್ದ ಹುಡುಗನು ನಿಂತಲ್ಲಿಯೇ ಬಿಳಚಿಕೊಂಡು ಬಿದ್ದುಬಿಟ್ಟನು. ಅವನನ್ನು ನೆರಳಿನಲ್ಲಿ ಅಂಗಾತ ಮಲಗಿಸಿ, ಕಾಲುಗಳನ್ನು ಮೇಲಕ್ಕೆತ್ತಿ ಹಿಡಿದೆವು. ಸ್ವಲ್ಪ ಹೊತ್ತಿನಲ್ಲಿ ಕಣ್ಣು ತೆರೆದನು. ಮೊಣಕಾಲನ್ನು ಬಿಗಿಹಿಡಿದು ಅಲುಗದೆ ನಿಂತರೆ ರಕ್ತವು ಕಾಲಿನಲ್ಲಿಯೇ ತಂಗಿ ಮಿದುಳಿಗೆ ಸಾಲದೆ ಹೋಗುವುದಂತೆ. ಬೂಟಿನೊಳಗೆ ಬೆರಳುಗಳನ್ನು ಆಡಿಸುತ್ತಿರಬೇಕು, ಮೊಣಕಾಲು ಕೊಂಚ ಸಡಿಲವಿರಬೇಕು ಎಂದು ತರಬೇತಿ ಕೊಡುವ ಹವಾಲ್ದಾರರು ಹೇಳಿದರು. ಆದರೆ ನಿಜವಾದ ಕಾರಣ ಬೇರೆಯೇ ಇತ್ತು. ತಾಯಿ ಬೆಳಗಿನ ಜಾವವೇ ಕೂಲಿಗೆ ಹೋಗುವುದರಿಂದ ಹುಡುಗನು ಬರಿಹೊಟ್ಟೆಯಲ್ಲಿ ದೂರದ ಊರಿಂದ ನಡೆದು ಬರುತ್ತಿದ್ದನು.

"ಇವನನ್ನು ಬಿಡಿಸಿ ಬೇರೆಯವನನ್ನು ಹಾಕೋಣ" ಎಂದರು ಹವಾಲ್ದಾರರು. ಅವರದೇನೂ ತಪ್ಪಲ್ಲ. ಹುಡುಗನು ಮಾತಾಡಲಿಲ್ಲ, ಟೋಪಿಯನ್ನು ಮಾತ್ರ ಕೈಯಿಂದ ಬಿಡಲಿಲ್ಲ. ಮಗಳನ್ನು ಬಿಡಿಸಲು ಬಂದಿದ್ದ ನಾವೇ, ಇವನನ್ನು ಬಿಡಿಸಬೇಡಿರೆಂದು ಕೇಳಿಕೊಂಡೆವು. ಮರುದಿನದಿಂದ ನಮ್ಮಾಕೆಯು ಒಂದು ಡಬ್ಬಿ ಒಗ್ಗರಣೆಯ ಅವಲಕ್ಕಿಯನ್ನು ಕಟ್ಟಿಕೊಟ್ಟಳು. ಬಾಳೆಹಣ್ಣಿನ ಗೊನೆ ನಮ್ಮ ಹೆಗಲೇರಿತು. ಒಬ್ಬನಿಗೆಂದರೆ ಅವನು ತಿನ್ನನಲ್ಲವೆ? ಆದುದರಿಂದ ಎಲ್ಲರಿಗೂ ತಿನ್ನಿಸಿದೆವು.

ಕೊಡ ಹೊರುವವರಿಗೆ ಬಡ್ತಿಯೂ ಉಂಟು. ಕಂಬಕ್ಕೆ ಬಾವುಟ ಕಟ್ಟುವ ಕೆಲಸ ನಮಗೆ ಬಂದಿತು. ಅಭ್ಯಾಸಕ್ಕೆಂದು ಹಳೆಯ ಪಂಚೆಯೊಂದನ್ನು ಮಡಿಸಿ, ಹೂವಿನ ಎಸಳು ತುಂಬಿ, ಭದ್ರವಾಗಿರಲೆಂದು ಬಿಗಿದು ಕಟ್ಟಿದೆವು. ಎಷ್ಟು ಎಳೆದರೂ ಬಿಚ್ಚಲಿಲ್ಲ! "ಇದು ಬಾವಿಯ ಬಿಂದಿಗೆಯಲ್ಲ ಸ್ವಾಮಿ, ಜೀರುಗುಣಿಕೆ ಹಾಕಬೇಕು" ಎಂದು ಹವಾಲ್ದಾರರು ನಕ್ಕರು. ಕೇಸರಿಯು ಮೇಲಕ್ಕೇ ಬರುವಂತೆ ನೋಡಿಕೊಳ್ಳುವುದು, ಬಟ್ಟೆಯು ನೆಲಕ್ಕೆ ತಾಗದಂತೆ ಇಬ್ಬರು ಹಿಡಿದು ಮಡಿಸುವುದು, ಇವನ್ನೆಲ್ಲ ಮಗಳು ನಮಗೆ ಕಲಿಸಿದಳು. ಶಾಲೆಯ ಧ್ವಜವು ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾದ ಖಾದಿಯದು. ಅದೇ ಹುಬ್ಬಳ್ಳಿಯ ಡಾಕ್ಟರ್ ಹರ್ಡೀಕರರು ನಾಗಪುರದ ಧ್ವಜಸತ್ಯಾಗ್ರಹದಲ್ಲಿ ಸೆರೆಮನೆ ಕಂಡು, 1923ರಲ್ಲಿ ಸೇವಾದಳವನ್ನು ಕಟ್ಟಿದವರು. ಇದನ್ನು ಮಕ್ಕಳಿಗೆ ಹೇಳಿದಾಗ, ಆ ದಳದವರೂ ಬೂಟಿಗೆ ಮೆರುಗು ಕೊಡುತ್ತಿದ್ದರೆ ಎಂದು ಒಬ್ಬನು ಕೇಳಿದನು.

ಜನವರಿ 26ರ ಬೆಳಿಗ್ಗೆ ಗಂಟು ಒಂದೇ ಎಳೆತಕ್ಕೆ ಬಿಚ್ಚಿ ಎಸಳುಗಳು ಉದುರಿದವು. ನಮ್ಮ ಕಣ್ಣು ಧ್ವಜದ ಮೇಲಿರಲಿಲ್ಲ, ಹುಡುಗನ ಮೊಣಕಾಲಿನ ಮೇಲಿತ್ತು. ಭಾಷಣಗಳು ಮುಗಿಯುವವರೆಗೂ ಅವನು ಅಲುಗಲಿಲ್ಲ. ಮುಂದೆ ನಡೆದುಹೋದ ಮಗಳು ನಮ್ಮನ್ನು ಕಂಡರೂ ಕಾಣದವಳಂತೆ ಹೋದಳು. ಪಡೆ ಚದುರಿದ ಮೇಲೆ ಹುಡುಗನು ಓಡಿಬಂದು, ಬಾಳೆಹಣ್ಣು ಉಳಿದಿದೆಯೆ ಎಂದು ಕೇಳಿದನು. ಎರಡೇ ಉಳಿದಿದ್ದುವು.