ಮೂರು ರಾಯರ ಹಬ್ಬ ಮತ್ತು ಅಂತರ್ಜಾಲದ ಅಪರಿಚಿತರು



ಅರಸೀಕೆರೆಯ ರೈಲ್ವೆ ಜಂಕ್ಷನ್ನಿನಲ್ಲಿ, ಬೇಲೂರು-ಹಳೇಬೀಡಿನ ದೇಗುಲಗಳ ಮುಂದೆ ದೂರದೇಶದವರನ್ನು ಕಾಣುವುದು ನಮಗೆ ಹೊಸತೇನಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಬಂದವರಿಗೆ ದಾರಿ ತೋರಿಸಿ, ಬಾಯಾರಿದರೆ ನೀರು ಕೊಟ್ಟು ಕಳಿಸುವುದು ಹಿರಿಯರಿಂದ ಬಂದ ರೂಢಿ. ಈಗ ಅಪರಿಚಿತರು ರೈಲು ಹತ್ತಬೇಕಿಲ್ಲ. ಮೊಬೈಲಿನ ಮೂಲಕ ನೇರವಾಗಿ ಮನೆಯೊಳಗೇ ಬರುತ್ತಾರೆ. ಇವರಿಗೆ ಬಾಗಿಲು ತೆರೆಯಬೇಕೇ, ಮುಚ್ಚಬೇಕೇ? ಕುಟುಂಬ ಭೇಟಿಗೆ ಹೋದಾಗ ನಾವು ಕೇಳುವ ಪ್ರಶ್ನೆ ಇದು.

ಮೂರು ರಾಯರ ಹಬ್ಬದ ಶುಭಸಂದೇಶ ಇದಕ್ಕೆ ದಾರಿ ತೋರಿಸುತ್ತದೆ. ಪೂರ್ವದಿಂದ ಬಂದ ಜ್ಞಾನಿಗಳು ಮಾತೆ ಮರಿಯಮ್ಮನವರಿಗೆ ಅಪರಿಚಿತರು. ಆದರೂ ಆ ಮನೆಯಲ್ಲಿ ಅವರಿಗೆ ಪ್ರವೇಶ ಸಿಕ್ಕಿತು. ಅವರು ಬಹಿರಂಗವಾಗಿ ವಿಚಾರಿಸಿಕೊಂಡು ಬಂದರು, ಕಾಣಿಕೆ ಅರ್ಪಿಸಿದರು, ಪ್ರತಿಯಾಗಿ ಏನನ್ನೂ ಕೇಳಲಿಲ್ಲ. ಅದೇ ಅಧ್ಯಾಯದಲ್ಲಿ ಹೆರೋದನೂ ಇದ್ದಾನೆ. ಅವನು ಜ್ಞಾನಿಗಳನ್ನು ಗುಟ್ಟಾಗಿ ಕರೆಸಿದ, ನಕ್ಷತ್ರ ಕಾಣಿಸಿದ ಕಾಲವನ್ನು ಕೆದಕಿ ಕೇಳಿದ, ಮಗು ಇರುವ ಜಾಗ ತಿಳಿಸಿರೆಂದ, ತಾನೂ ಬಂದು ಆರಾಧಿಸುವುದಾಗಿ ಸಿಹಿಮಾತಾಡಿದ.

ಇಂದಿನ ಮೋಸವೂ ಹೀಗೆಯೇ ನಡೆಯುತ್ತದೆ. ವಿದೇಶದವರು ಎಂದು ಹೇಳಿಕೊಂಡು ಯಾರೋ ಸ್ನೇಹ ಬೆಳೆಸುತ್ತಾರೆ. ವಾರಗಟ್ಟಲೆ ಕ್ಷೇಮ ವಿಚಾರಿಸಿ, ಬೆಲೆಬಾಳುವ ಉಡುಗೊರೆ ಕಳಿಸಿದ್ದೇವೆ ಎನ್ನುತ್ತಾರೆ. ಬಳಿಕ ಕಸ್ಟಮ್ಸ್ ಅಧಿಕಾರಿಯ ಹೆಸರಿನಲ್ಲಿ ಫೋನ್ ಬರುತ್ತದೆ: ಸುಂಕ ಕಟ್ಟಿ ಪಾರ್ಸೆಲ್ ಬಿಡಿಸಿಕೊಳ್ಳಿ. ಕಟ್ಟಿದರೆ ಇನ್ನೊಂದು ಶುಲ್ಕ, ಮತ್ತೊಂದು ದಂಡ. ಉಡುಗೊರೆ ಮಾತ್ರ ಬರುವುದೇ ಇಲ್ಲ. ಜ್ಞಾನಿಗಳು ಚಿನ್ನ ಕೊಟ್ಟು ಮಾತೆ ಮರಿಯಮ್ಮನವರಿಂದ ಸುಂಕ ಕೇಳಲಿಲ್ಲವಲ್ಲ! ಮೊದಲು ಹಣ ಕಟ್ಟಿ ಎನ್ನುವವರು, ಓಟಿಪಿ ಕೇಳುವವರು, ಮನೆಯವರಿಗೆ ಹೇಳಬೇಡಿ ಎನ್ನುವವರು ಸ್ನೇಹಿತರಲ್ಲ.

ಮೋಸಹೋದವರನ್ನು ಮನೆಯವರೇ ಹೀಗಳೆಯುವುದು ಇನ್ನೂ ದೊಡ್ಡ ತಪ್ಪು. ಬೈಗುಳಕ್ಕೆ ಹೆದರಿ ಅವರು ಬಾಯಿಬಿಡುವುದಿಲ್ಲ. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ಸಾಗಿರುತ್ತದೆ. ತಡಮಾಡದೆ 1930 ಸಹಾಯವಾಣಿಗೆ ಫೋನ್ ಮಾಡಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇದೆ. ತಂದೆತಾಯಂದಿರೇ, ಮಕ್ಕಳು ತಪ್ಪು ಮಾಡಿದಾಗಲೂ ಹೆದರದೆ ನಿಮ್ಮ ಬಳಿಗೇ ಬರುವಂತಿರಲಿ.

ಹಾಗೆಂದು ಬಾಗಿಲನ್ನೇ ಮುಚ್ಚುವುದು ಬೇಡ. ಇಟಲಿಯ ಮಿಲಾನ್ ನಗರದಲ್ಲಿ ಬೆಳೆದ ಕಾರ್ಲೊ ಅಕ್ಯುಟಿಸ್ ಎಂಬ ಹುಡುಗ ಪರಮಪ್ರಸಾದದ ಅದ್ಭುತಗಳ ವಿವರ ಕಲೆಹಾಕಿ ಅಂತರ್ಜಾಲದಲ್ಲಿ ಪ್ರಕಟಿಸಿದ. ತಾನೆಂದೂ ನೋಡದ ಜನರಿಗಾಗಿ ಈ ಶ್ರಮಪಟ್ಟ. 2006ರಲ್ಲಿ, 15ನೇ ವಯಸ್ಸಿನಲ್ಲಿ ತೀರಿಕೊಂಡ ಆತನನ್ನು ಜಗದ್ಗುರು ಹದಿನಾಲ್ಕನೇ ಲಿಯೋರವರು 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿಸಿದರು. ಮೊಬೈಲ್ ಹಿಡಿದ ನಮ್ಮ ಮಕ್ಕಳಿಗೆ ಈ ಸಂತರ ಪರಿಚಯ ಮಾಡಿಕೊಡೋಣ.

ಜ್ಞಾನಿಗಳು ಹೆರೋದನ ಬಳಿಗೆ ಹಿಂತಿರುಗದೆ ಬೇರೆ ದಾರಿಯಿಂದ ತಮ್ಮ ಊರಿಗೆ ಹೋದರು. ದೂರದವರನ್ನು ಪ್ರೀತಿಸುವ ಹೃದಯವನ್ನೂ ಕಪಟವನ್ನು ಗುರುತಿಸುವ ವಿವೇಕವನ್ನೂ ಬಾಲಯೇಸು ನಮ್ಮ ಕುಟುಂಬಗಳಿಗೆ ದಯಪಾಲಿಸಲಿ.