ಗೋಣು ತಿರುವುವ ರೋಗ: ವೈರಾಣು ಬ್ಯಾರೆ ಆದರೂ ಸೂಜಿ ಬೇಕು

ಜತ್ತ: ಹಿತ್ತಲಲ್ಲಿ ನಾಕಾರು ಜವಾರಿ ಕೋಳಿ ಇದ್ದರೆ ತತ್ತಿ ಮಾರಿದ ದುಡ್ಡು ಮನೆಯ ಹೆಣ್ಣುಮಕ್ಕಳ ಕೈಗಂಟು. ಮುದುಡಿ ಕೂತ ಕೋಳಿ ಹಸಿರು ಹಿಕ್ಕೆ ಹಾಕಿ, ಗೋಣು ತಿರುವಿ ಸಾಯತೊಡಗಿದರೆ ಕೆಲವೇ ದಿನಗಳಲ್ಲಿ ಬುಟ್ಟಿಯೇ ಖಾಲಿ. ಇದು ಕೊಕ್ಕರೆ ರೋಗ. ಮರಾಠಿಯಲ್ಲಿ ಮಾನಮೋಡಿ (ಇಲ್ಲಿ ‘ಮಾನ’ ಅಂದ್ರ ಗೋಣು, ಮರ್ಯಾದಿ ಅಲ್ಲ), ದನದ ದವಾಖಾನೆಯ ಚೀಟಿಯಲ್ಲಿ ರಾಣಿಖೇತ್.

1926ರಲ್ಲಿ ಜಾವಾ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಿದ ಈ ರೋಗ, ಅದರ ಬೆನ್ನಿಗೇ ಕುಮಾವೂ ಬೆಟ್ಟದ ರಾಣಿಖೇತ್‌ನಲ್ಲೂ ಕಂಡಿತು. ನಮ್ಮಲ್ಲಿ ಆ ಊರಿನ ಹೆಸರೇ ಉಳಿಯಿತು.

ವೈರಾಣು ಮಾತ್ರ ಇದ್ದಂಗ ಉಳಿದಿಲ್ಲ. ಅದರ ವಂಶವಾಹಿ ಸುಮಾರು 15,000 ಅಕ್ಷರಗಳ ಬರಹ. ಕೀರ್ದಿ ನಕಲು ಮಾಡುವಾಗ ಅಂಕಿ ತಪ್ಪುವಂತೆ ಪ್ರತಿ ನಕಲಿನಲ್ಲೂ ಒಂದೆರಡು ಅಕ್ಷರ ತಪ್ಪಬಹುದು. ಹಂಗ ತಪ್ಪುತ್ತ ತಪ್ಪುತ್ತ ಬೇರೆ ಬೇರೆ ಗುಂಪುಗಳಾಗಿವೆ. 2019ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೂಡಿ, ಕೋಳಿಗೆ ಮಾರಕವಾಗುವ ವರ್ಗದಲ್ಲೇ ಕನಿಷ್ಠ 20 ಗುಂಪು ಗುರುತಿಸಿದರು. ಭಾರತದ ಕೋಳಿಗಳಲ್ಲಿ ಇತ್ತೀಚೆಗೆ ಹೆಚ್ಚಾಗಿ ಸಿಕ್ಕಿದ್ದು 13ನೇ ಗುಂಪು. ನಾವು ಹಾಕಿಸುವ ಲಸೋಟ ಲಸಿಕೆ 2ನೇ ಗುಂಪಿನದು. ಮುಕ್ತೇಶ್ವರದಲ್ಲಿ ತಯಾರಾದ ಆರ್‌ಟುಬಿ 3ನೆಯದು. ಎರಡಕ್ಕೂ ಮುಕ್ಕಾಲು ಶತಮಾನದ ವಯಸ್ಸು.

ಹಂಗಾದ್ರ ಸೂಜಿ ವ್ಯರ್ಥವೇ? ಅಲ್ಲ. ಗುಂಪು ಎಷ್ಟಿದ್ದರೂ ಹಳೆ ಲಸಿಕೆಯಿಂದ ಹುಟ್ಟಿದ ರೋಗನಿರೋಧಕ ಶಕ್ತಿ ಎಲ್ಲವನ್ನೂ ಗುರುತು ಹಿಡಿಯುತ್ತದೆ. ಸರಿಯಾಗಿ, ಮುಂಚೆಯೇ ಲಸಿಕೆ ಬಿದ್ದ ಕೋಳಿ ಸಾಮಾನ್ಯವಾಗಿ ಬದುಕುತ್ತದೆ. ರೋಗ ಹೊಕ್ಕ ಮೇಲೆ ಹಾಕಿಸಿದರೆ ಕೋಳಿನೂ ಹೋಗತೈತಿ, ಸೂಜಿಗೆ ಕೆಟ್ಟ ಹೆಸರೂ ಬರತೈತಿ. ಇನ್ನೊಂದು ತೊಡಕು: ಬದುಕಿದ ಕೋಳಿಯೂ ಕೆಲ ದಿನ ವೈರಾಣು ಹೊರಹಾಕಬಹುದು. ಅದು ಪಕ್ಕದ ಮನೆಯ ಲಸಿಕೆ ಇಲ್ಲದ ಕೋಳಿಗೆ ಕುತ್ತು.

ಖರೆ ಅಡಚಣೆ ಇರುವುದು ಬಾಟಲಿಯಲ್ಲಿ. ಒಂದೊಂದು ಬಾಟಲಿಯಲ್ಲಿ ನೂರಾರು ಕೋಳಿಗಾಗುವಷ್ಟು ಲಸಿಕೆ. ಬರ್ಫದಲ್ಲಿ ತರಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಆರು ಕೋಳಿಗೆ ಯಾರು ಒಡೆಯುತ್ತಾರೆ? ಓಣಿಯವರೆಲ್ಲ ಒಂದು ದಿನ ಗೊತ್ತು ಮಾಡಿ, ಬೆಳಗ್ಗೆ ಬುಟ್ಟಿ ತೆಗೆಯುವ ಮುನ್ನ ಹಾಕಿಸಿದರೆ ಖರ್ಚೂ ಹಂಚಿಹೋಗುತ್ತದೆ.

ರೋಗ ಬಂತೆಂದು ಕೋಳಿಗಳನ್ನು ಗಡಿಬಿಡಿಯಲ್ಲಿ ಸಂತೆಗೆ ಒಯ್ಯುವುದು ನಮ್ಮಲ್ಲಿ ರೂಢಿ. ರೋಗ ಊರಿಂದ ಊರಿಗೆ ಹೋಗುವುದು ಹೀಗೆಯೇ. 2006ರಲ್ಲಿ ನಮ್ಮ ರಾಜ್ಯದ್ದೇ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಪತ್ತೆಯಾಯಿತು. ಅದರ ಲಕ್ಷಣವೂ ಹೆಚ್ಚುಕಡಿಮೆ ಇದರಂತೆಯೇ, ಪ್ರಯೋಗಾಲಯದಲ್ಲೇ ಬೇರ್ಪಡಿಸಬೇಕು. ಆದ್ದರಿಂದ ಕೋಳಿ ಸಾಲಾಗಿ ಸಾಯತೊಡಗಿದರೆ ಬರಿಗೈಲಿ ಮುಟ್ಟಬೇಡಿ, ಹಳ್ಳಕ್ಕೆ ಎಸೆಯಬೇಡಿ. ಮೊದಲು ದನದ ದವಾಖಾನೆಗೆ ಸುದ್ದಿ ಮುಟ್ಟಿಸಿರಿ.